ಫಸ್ಟ್ ಕ್ಲಾಸ್ ಬಾರದಿದ್ದರೆ ಸರ್ಕಾರಿ ನೌಕರಿ ಇಲ್ಲವೇ? ಸತ್ಯಾಂಶ

ಪದವಿ ಫಲಿತಾಂಶದ ಹೊತ್ತಿಗೆ ಧಾರವಾಡದ ಕೋಚಿಂಗ್ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಮಾತಿದು: ‘ಡಿಗ್ರಿಯೊಳಗ 60 ಪರ್ಸೆಂಟ್ ಆಗದಿದ್ದವರು ಐಎಎಸ್, ಬ್ಯಾಂಕ್ ಯಾವುದಕ್ಕೂ ಅರ್ಜಿ ಹಾಕೂಹಂಗಿಲ್ಲ.’

ಇದು ಸುಳ್ಳು. ಐಎಎಸ್‌ಗಾಗಿ ಬರೆಯುವ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಬೇಕಿರುವುದು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿ. ಅದು ಕರ್ನಾಟಕ ವಿಶ್ವವಿದ್ಯಾಲಯದ ಬಿಎ ಆದರೂ ನಡೆಯುತ್ತದೆ, ಪಾಸ್ ಕ್ಲಾಸ್ ಆದರೂ ನಡೆಯುತ್ತದೆ. ಬ್ಯಾಂಕ್ ನೇಮಕಾತಿ ಸಂಸ್ಥೆ ಐಬಿಪಿಎಸ್ ನಡೆಸುವ ಪಿಒ (ಬ್ಯಾಂಕ್ ಅಧಿಕಾರಿ) ಪರೀಕ್ಷೆಯೂ ಹಾಗೇ: ಅರ್ಜಿಯಲ್ಲಿ ಶೇಕಡಾವಾರು ಕೇಳುತ್ತಾರೆ, ಕನಿಷ್ಠ ಮಿತಿ ಇಟ್ಟಿಲ್ಲ.

ಹಾಗಾದರೆ ಈ 60 ಎಲ್ಲಿಂದ ಬಂತು? ಕ್ಯಾಂಪಸ್ ಸಂದರ್ಶನದಿಂದ ಬಂದಿರಬೇಕು. ಹಲವು ಖಾಸಗಿ ಕಂಪನಿಗಳು ಆ ಗೆರೆ ಎಳೆಯುತ್ತವೆ. ಅಲ್ಲಿ ಕಡಿಮೆ ಅಂಕ ನಿಜಕ್ಕೂ ಅಡ್ಡ ಬರುತ್ತದೆ. ಕೆಲವು ಪರೀಕ್ಷೆಗಳಿಗೂ ಮಿತಿಯಿದೆ. ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆಯಲು ಪದವಿಯಲ್ಲಿ ಶೇ 50 ಬೇಕು, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ 45. ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ಗೆ ಶೇ 55 ಕೇಳುವುದು ಸ್ನಾತಕೋತ್ತರ ಪದವಿಯಲ್ಲಿ, ಮೀಸಲಾತಿ ವರ್ಗಗಳಿಗೆ ಅಲ್ಲೂ ಸಡಿಲಿಕೆ ಇದೆ. ಅಂದರೆ ಬಿಎಯಲ್ಲಿ ಹಿಂದೆ ಬಿದ್ದವರು ಎಂಎಯಲ್ಲಿ ಸರಿಮಾಡಿಕೊಳ್ಳಬಹುದು. ಆದರೆ ಎಂಎ ಪ್ರವೇಶಕ್ಕೂ ಕನಿಷ್ಠ ಅಂಕ ಇರಬಹುದು, ಪ್ರಕಟಣೆ ನೋಡಿಕೊಳ್ಳಿ.

ಅಂಕ ಅನ್ಯಾಯವಾಗಿ ಕಡಿಮೆ ಬಂದಿದೆ ಅನ್ನಿಸಿದರೆ ಮೊದಲು ಉತ್ತರ ಪತ್ರಿಕೆಯ ನಕಲು ತರಿಸಿ ಕೂಡಿಸಿ ನೋಡಿ, ಆಮೇಲೆ ಮರುಮೌಲ್ಯಮಾಪನದ ವಿಚಾರ. ಕೊನೆಯ ದಿನಾಂಕ ಬೇಗ ಬರುತ್ತದೆ. ಮದುವೆ ಮನೆಯಲ್ಲಿ ‘ಎಷ್ಟ್ ಪರ್ಸೆಂಟ್ ಆತು?’ ಅನ್ನುವ ಕಾಕಾಗಳಿಗೆ ಉತ್ತರ ಹುಡುಕುವುದು ನಂತರವೂ ಆದೀತು.