ನಮ್ಮ ಪಾರೆಗೂ ಒಂದು ವಾದ್ಯಸಂಗೀತ ಬೇಕು

ಜಪಾನಿನ ತೋರು ತಾಕೆಮಿತ್ಸು 1977ರಲ್ಲಿ ಬರೆದ ಒಂದು ಆರ್ಕೆಸ್ಟ್ರಾ ಕೃತಿಯನ್ನು ನಾನು ಮತ್ತೆ ಮತ್ತೆ ಕೇಳುತ್ತೇನೆ. ಐದು ಮೂಲೆಯ ತೋಟಕ್ಕೆ ಇಳಿಯುವ ಹಕ್ಕಿ ಹಿಂಡು ಅಂತ ಅದರ ಹೆಸರು. ಹುಟ್ಟಿದ್ದು ಒಂದು ಫೋಟೊದಿಂದ. ಕಲಾವಿದ ಮಾರ್ಸೆಲ್ ದ್ಯೂಶಾಂ ಹಿಂದಲೆಯಲ್ಲಿ ನಕ್ಷತ್ರದ ಆಕಾರಕ್ಕೆ ಕೂದಲು ಬೋಳಿಸಿಕೊಂಡಿದ್ದರು, ಮ್ಯಾನ್ ರೇ ಅದರ ಚಿತ್ರ ತೆಗೆದಿದ್ದರು. ಅದನ್ನು ನೋಡಿದ ಮೇಲೆ ತಾಕೆಮಿತ್ಸುಗೆ ಕನಸು ಬಿತ್ತು. ಬಿಳಿ ಹಕ್ಕಿಗಳ ಹಿಂಡು, ಮುಂದೆ ಒಂದೇ ಕಪ್ಪು ಹಕ್ಕಿ, ಕೆಳಗೆ ತೋಟ.

ಪಿಯಾನೋದ ಐದು ಕಪ್ಪು ಮನೆಗಳ ಸ್ವರಗಳೇ ಇದಕ್ಕೆ ತಳಪಾಯ. ಒತ್ತಿ ನೋಡಿ, ಮೋಹನ ರಾಗ ಕೇಳಿಸುತ್ತದೆ. ಅವರು ನಡುವಿಗೆ ಇಟ್ಟುಕೊಂಡ ಸ್ವರ ನಮ್ಮ ಯಕ್ಷಗಾನದಲ್ಲಿ ಹಾಡುವ ಭಾಗವತರು 'ಕಪ್ಪು ಮೂರು' ಅನ್ನುತ್ತಾರಲ್ಲ, ಅದೇ ಶ್ರುತಿ. ಆದರೆ ರಾಗ ಬೆಳೆಸುವ ಆತುರ ಇಲ್ಲಿಲ್ಲ. ಓಬೋ ಅನ್ನುವ ಊದುವ ವಾದ್ಯ ಒಂದು ಎಳೆ ಎತ್ತುತ್ತದೆ, ತಂತಿವಾದ್ಯಗಳು ಸುತ್ತ ಕವಿಯುತ್ತವೆ. ತೋಟಕ್ಕೆ ಸುತ್ತು ಬರುವಾಗ ಅದೇ ಕಲ್ಲು ಬೇರೆ ಬೇರೆ ಮಗ್ಗುಲಲ್ಲಿ ಕಂಡ ಹಾಗೆ. ಒಂದು ಮಾತೂ ಇಲ್ಲ.

ಕಾಸರಗೋಡಿನ ಕನ್ನಡಿಗರಾದ ನಮಗೆ ಮಾತು ಬೇಕೇ ಬೇಕು. ನಮ್ಮ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಪದ್ಯ ಮೊದಲು, ಚೆಂಡೆ ಮದ್ದಳೆ ಅದರ ಬೆನ್ನಿಗೆ. ಆಟಕ್ಕೆ ಮೊದಲು, ಆಟ ಇದೆ ಅಂತ ಸಾರುವ 'ಕೇಳಿ' ಬಾರಿಸುವಾಗ ಅರ್ಧ ಜನ ಚರುಮುರಿ ಅಂಗಡಿಯ ಹತ್ತಿರ ಇರುತ್ತಾರೆ. ಇಲ್ಲೇ ಪಕ್ಕದ ದೇವಸ್ಥಾನದಲ್ಲಿ ಕೇರಳದ ಚೆಂಡ ವಾದ್ಯಗಳ ಪಂಚಾರಿ ಮೇಳ ನಡೆದರೆ ನೋಡಿ. ತಾಳದ ಒಂದು ಸುತ್ತಿಗೆ 96 ಅಕ್ಷರ ಇರುವ ನಿಧಾನ ಕಾಲದಿಂದ ಶುರುವಾಗಿ 48, 24, 12, ಕೊನೆಗೆ 6. ಕತೆ ಇಲ್ಲ, ಸಾಹಿತ್ಯ ಇಲ್ಲ. ನಮ್ಮ ಮಲಯಾಳಿ ನೆರೆಯವರು ಕೈಯೆತ್ತಿ ತಾಳ ಹಾಕುತ್ತಾ ಗಂಟೆಗಟ್ಟಲೆ ನಿಲ್ಲುತ್ತಾರೆ. ಆ ಕಿವಿ ನಮಗೂ ಬರಬೇಕು ಅಂತ ನನ್ನ ಆಸೆ.

ನಾವು ಹೀಗಾಗಿದ್ದಕ್ಕೆ ಕಾರಣ ಇದೆ. 1956ರಲ್ಲಿ ಊರು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಉಳಿಸೋದೇ ದೊಡ್ಡ ಕೆಲಸವಾಯಿತು. ಹಾಡಾಗಲಿ, ಆಟವಾಗಲಿ, ಎಲ್ಲವೂ ಭಾಷೆಯನ್ನು ಹೊರಬೇಕಾಯಿತು. ಅದು ತಪ್ಪಲ್ಲ. ಆದರೆ ಊರು ಅಂದರೆ ಭಾಷೆ ಮಾತ್ರ ಅಲ್ಲ, ಅಲ್ವಾ?

ನಮ್ಮ ಪಾರೆಯನ್ನೇ, ಅಂದರೆ ಗುಡ್ಡದ ಮೇಲಿನ ಬಯಲು ಕಲ್ಲುಹಾಸನ್ನೇ ತಗೊಳ್ಳಿ. ಬೇಸಿಗೆಯಲ್ಲಿ ಕಾದು ಕಪ್ಪಾದ ಮುರಕಲ್ಲು. ಮಳೆ ಹಿಡಿದರೆ ತಗ್ಗಿನಲ್ಲೆಲ್ಲ ನೀರು, ಓಣಂ ಹೊತ್ತಿಗೆ ಕಣ್ಣು ಹಾಯುವಷ್ಟು ದೂರ ಪುಟ್ಟ ನೀಲಿ ಹೂ. ಗುಡ್ಡದ ಒಳಗೆ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗ, ಕತ್ತಲಲ್ಲಿ ಕಲ್ಲಿನಿಂದ ಜಿನುಗುವ ನೀರು, ಅದು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಕೆರೆಗೆ ಬೀಳುವ ಸದ್ದು. ಇದನ್ನು ಹೊಗಳುವ ಭಾವಗೀತೆ ಸಾಕಷ್ಟು ಆಗಿದೆ. ನನಗೆ ಬೇಕಾದದ್ದು ಆ ಜಿನುಗನ್ನು ಮದ್ದಳೆಯಲ್ಲಿ, ಬಿಸಿಲನ್ನು ಪಿಟೀಲಿನ ಒಂದೇ ಉದ್ದ ಸ್ವರದಲ್ಲಿ ಕೇಳಿಸುವ ಸಂಗೀತ.

ನುಡಿಸುವ ಹುಡುಗ ಹುಡುಗಿಯರು ನಮ್ಮಲ್ಲಿ ಧಾರಾಳ ಇದ್ದಾರೆ. ಯಕ್ಷಗಾನದ ಚೆಂಡೆ ಬಲ್ಲವರು, ಕೇರಳದ ಚೆಂಡ ಬಲ್ಲವರು, ಕೀಬೋರ್ಡ್ ಕಲಿತವರು. ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ಭಾಷಣ ಒಂದನ್ನು ಕಡಿಮೆ ಮಾಡಿ ಇವರಿಗೆ ಹದಿನೈದು ನಿಮಿಷ ಕೊಡಿ. ನಿರೂಪಕರು ಅರ್ಥ ಹೇಳುವುದು ಬೇಡ.