ಮೊದಲನೆಯವಳಿಗೆ ಏನು ನುಡಿಸಿದ?

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದೆ. ಪಕ್ಕದಲ್ಲಿ ಫೋನು, ಫೋನಿನಲ್ಲಿ ಸ್ಕಾಟ್ಲೆಂಡಿನ ಪಿಟೀಲು.

"ರೀ, ಯಾರದು ಹೀಗೆ ಕೊರಗ್ತಾ ಇರೋದು?" ಅಂದಳು ಹೆಂಡತಿ.

"ನೀಲ್ ಗೌ ಅಂತ ಕಣೇ. ಹೆಂಡತಿ ತೀರಿಕೊಂಡಾಗ ಕಟ್ಟಿದ್ದು."

"ಪಾಪ" ಅಂದಳು. ಒಲೆ ಸಣ್ಣ ಮಾಡಿ ಬಂದು ಫೋನು ನೋಡಿದಳು. ಟ್ಯೂನಿನ ಹೆಸರು ಉದ್ದ, ಪರದೆ ಚಿಕ್ಕದು. ಹಾಗಾಗಿ ಅಕ್ಷರಗಳು ಗೂಡ್ಸ್ ಗಾಡಿಯ ಹಾಗೆ ಸಾಗುತ್ತಿದ್ದವು: ನೀಲ್ ಗೌಸ್ ಲಮೆಂಟ್ ಫಾರ್ ದ ಡೆತ್ ಆಫ್ ಹಿಸ್ ಸೆಕೆಂಡ್ ವೈಫ್. ಅವಳು ಕೊನೆಯ ಬೋಗಿಯವರೆಗೂ ಕಾದು ನಿಂತಳು.

"ಓಹೋ, ಎರಡನೆಯವಳಿಗಾ! ಮೊದಲನೆಯವಳಿಗೆ ಏನು ನುಡಿಸಿದ?"

ಎಷ್ಟೋ ವರ್ಷದಿಂದ ಕೇಳುತ್ತಿದ್ದೇನೆ. ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಸಿಟ್ಟು ಬಂತು. ಒಳ್ಳೆಯ ದುಃಖವೊಂದನ್ನು ಹೀಗಾ ಕೆಡಿಸೋದು?

ಮೊದಲಿಗೆ, ಅದು ಕೊರಗೋದೇ ಅಲ್ಲ. ಡಿ ಮೇಜರ್‌ನಲ್ಲಿದೆ, ಅಂದರೆ ನಮ್ಮ ಶಂಕರಾಭರಣದ ಸ್ವರಗಳು. ಅಳೋದಕ್ಕೆ ಕೂತವನು ಹಿಡಿಯೋ ದಾರಿಯಾ ಅದು? ಈಗಿನವರು ಅದನ್ನು ಅಂಟುಪಾಕದ ಹಾಗೆ ಎಳೆದು, ಮಂಜು ಮುಸುಕಿದ ಬೆಟ್ಟ, ನಾಲ್ಕು ಕುರಿ ತೋರಿಸಿ, 'ನಿದ್ದೆಗೆ ಸಂಗೀತ' ಅಂತ ಹಾಕುತ್ತಾರೆ. ಎಪ್ಪತ್ತೆಂಟರ ಮುದುಕ ಹೆಂಡತಿಗಾಗಿ ಕಟ್ಟಿದ್ದನ್ನು ಕೇಳಿ ನಾವು ಗೊರಕೆ ಹೊಡೆಯಬೇಕಂತೆ.

ಮನುಷ್ಯ ಅಂಥ ಅಳುಮುಂಜಿಯೂ ಅಲ್ಲ. ಪರ್ತ್‌ಶೈರ್‌ನಲ್ಲಿ, ಡಂಕೆಲ್ಡ್ ಪಕ್ಕದ ಇನ್ವರ್ ಅವನ ಊರು. ಹುಟ್ಟಿದ್ದು 1727ರಲ್ಲಿ. ಅಥೋಲ್‌ನ ಡ್ಯೂಕ್ ಮನೆತನದ ಆಸರೆ ಇತ್ತು. ದೊಡ್ಡವರ ಕುಣಿತಕ್ಕೆಲ್ಲ ಇವನದೇ ಪಿಟೀಲು. ಒಂದು ರಾತ್ರಿ ಊಟಕ್ಕೆ ಕರೆ ಬಂದರೂ ಆ ಮನೆಯ ಹೆಣ್ಣುಮಕ್ಕಳು ಕುಣಿತ ನಿಲ್ಲಿಸಲಿಲ್ಲವಂತೆ. ಇನ್ನೊಂದು, ಇನ್ನೊಂದು ಅಂತ ಕಾಟ. ಕೊನೆಗೆ ಗೌ ರೇಗಿದ: "ಹೋಗಿ ಊಟ ಮಾಡ್ರೇ, ಬಜಾರಿಗಳಾ! ಹಸಿವು ಬಾಯಾರಿಕೆ ಈ ಸೀಮೆಯಲ್ಲಿ ಯಾರಿಗೂ ಗೊತ್ತೇ ಇಲ್ಲ ಅನ್ನೋ ಹಾಗೆ ನನ್ನನ್ನ ಇಲ್ಲಿ ಕೂರಿಸ್ಕೊಂಡಿದೀರಲ್ಲ!" ಬೈಸಿಕೊಂಡವರು ಡ್ಯೂಕನ ಮನೆಯವರು. ಬೈದವನು ಕೂಲಿಗೆ ಬಂದ ಪಿಟೀಲಿನವನು. ಮದುವೆಮನೆಯಲ್ಲಿ ವಾಲಗದವರನ್ನು ಕೊನೆಯ ಪಂಕ್ತಿಗೆ ತಳ್ಳುತ್ತಾರಲ್ಲ, ಅವರಿಗೆ ಈ ಕಥೆಯನ್ನು ಯಾರಾದರೂ ಮೈಕಿನಲ್ಲಿ ಹೇಳಬೇಕು. ವಾಲಗದವರ ಮುಂದೆಯೇ ಹೋಳಿಗೆ ಖಾಲಿಯಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಣ್ಣಿನ ಕಡೆಯವರಿಗೂ ಗೊತ್ತಿತ್ತು, ಸುಮ್ನೆ ಇದ್ದರು.

ಇನ್ನೊಮ್ಮೆ ಪರ್ತ್‌ನಿಂದ ಕುಡಿದು ನಡೆದು ಬರುತ್ತಿದ್ದಾಗ, "ದಾರಿ ಬಹಳ ಉದ್ದ ಆಯ್ತೇನೋ" ಅಂತ ಯಾರೋ ಕೇಳಿದರಂತೆ. "ಉದ್ದದ್ದೇನೂ ತೊಂದರೆ ಇಲ್ಲ ಮಾರಾಯಾ, ಕಾಟ ಕೊಟ್ಟಿದ್ದು ಅಗಲ" ಅಂದನಂತೆ. 1799ರಲ್ಲಿ ಬೆಳೆ ಹೋಯಿತು, ಬಾರ್ಲಿಯಿಂದ ವಿಸ್ಕಿ ಇಳಿಸಬಾರದು ಅಂತ ಸರ್ಕಾರದ ಅಪ್ಪಣೆಯಾಯಿತು. ಗೌ 'ವಿಸ್ಕಿಗೆ ವಿದಾಯ' ಅಂತ ಒಂದು ಟ್ಯೂನ್ ಕಟ್ಟಿದ. ಆಮೇಲೆ 'ವಿಸ್ಕಿಯೇ, ಮತ್ತೆ ಬಾ' ಅಂತ ಅದಕ್ಕೊಂದು ಜೋಡಿಯೂ ಬಂತು. ಒಡಹುಟ್ಟಿದವನು ಸತ್ತಾಗಲೂ ಒಂದು ಟ್ಯೂನ್ ಇದೆ.

ಮೊದಲ ಹೆಂಡತಿಗೆ? ಮಧ್ಯಾಹ್ನ ಊಟ ಆದಮೇಲೆ ಹುಡುಕುತ್ತಾ ಕೂತೆ. ಒಂದೂ ಸಿಗಲಿಲ್ಲ. ಆದರೆ ಹೆಸರು ಸಿಕ್ಕಿತು: ಮಾರ್ಗರೆಟ್ ವೈಸ್‌ಮನ್. ಎಂಟು ಮಕ್ಕಳ ತಾಯಿ. 1768ರಲ್ಲಿ ಮದುವೆಯಾದ ಎರಡನೆಯವಳ ಹೆಸರು? ಮಾರ್ಗರೆಟ್ ಅರ್ಕರ್ಟ್. ಇಬ್ಬರೂ ಮಾರ್ಗರೆಟ್! ನಂಬರ್ ಹಾಕದೆ ಇನ್ನೇನು ಮಾಡಬೇಕಿತ್ತು ಅಂತ ನನಗೆ ಸ್ವಲ್ಪ ನೆಮ್ಮದಿಯಾಯಿತು.

ಆದರೂ ಒಂದು ಮಾತು ಚುಚ್ಚುತ್ತದೆ. 1787ರಲ್ಲಿ ಕವಿ ರಾಬರ್ಟ್ ಬರ್ನ್ಸ್ ಆ ಕಡೆ ಹೋಗಿದ್ದ. ಡೈರಿಯಲ್ಲಿ ಗೌನ ಗಿಡ್ಡ ಗಟ್ಟಿ ಮೈಕಟ್ಟು, ನರೆತ ಕೂದಲು, ಮುಖದ ಕಳೆ ಎಲ್ಲ ಬರೆದ. ಮನೆಗೆ ಹೋಗಿದ್ದೆ ಅಂತಲೂ ಬರೆದ. ಆಮೇಲೆ ಬರೀ ಎರಡು ಪದ: ಮಾರ್ಗರೆಟ್ ಗೌ. ಬಾಗಿಲು ತೆಗೆದವಳು ಅವಳೇ ಇರಬೇಕು, ಉಪಚಾರ ಮಾಡಿದವಳೂ. ಅವಳು ತೀರಿಕೊಂಡಿದ್ದು 1805ರಲ್ಲಿ. ಆಮೇಲೆ ಗೌ ಪಿಟೀಲು ಮುಟ್ಟಲೇ ಇಲ್ಲ, ಸ್ನೇಹಿತರ ಒತ್ತಾಯಕ್ಕೆ ಮತ್ತೆ ಕೈಗೆತ್ತಿಕೊಂಡಾಗ ಮೊದಲು ಬಂದದ್ದೇ ಇದು ಅಂತ ಹೇಳುತ್ತಾರೆ. 1807ರಲ್ಲಿ ಅವನೂ ಹೋದ. ಗೌ ಮನೆಯವರ ಟ್ಯೂನ್‌ಗಳ ಐದನೇ ಸಂಗ್ರಹದಲ್ಲಿ, 1809ರಲ್ಲಿ, ಇದು ಅಚ್ಚಾದಾಗ ಅವನಿಲ್ಲ. ಅಚ್ಚು ಹಾಕಿಸುವ ಕೆಲಸವೆಲ್ಲ ಮಗ ನಥಾನಿಯಲ್‌ದು. ಅವನು ಹುಟ್ಟಿದ್ದು 1763ರಲ್ಲಿ, ಮೊದಲನೆಯವಳ ಮಗ. 'ಎರಡನೇ' ಅನ್ನೋ ಪದ ಅಪ್ಪ ಹಾಕಿದ್ದೋ, ಮಗ ಹಾಕಿದ್ದೋ? ನನಗೇನೋ ಮಗನ ಮೇಲೇ ಅನುಮಾನ.

ಇದನ್ನೆಲ್ಲ ಹೇಳೋಣ ಅಂತ ಅಡುಗೆಮನೆಗೆ ಹೋದೆ. ಅವಳು ಕಾಫಿ ಸೋಸುತ್ತಿದ್ದಳು. ಟ್ಯೂನ್ ಮತ್ತೆ ಹಾಕಿದೆ. ಎರಡನೇ ಭಾಗದಲ್ಲಿ ಸ್ವರ ಮೇಲಕ್ಕೆ ಹೋಗುತ್ತಲ್ಲ, ಅಲ್ಲಿ ಅವಳ ಕೈ ನಿಂತಿತು. ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ತಾನಾಗೇ ಮುಂದಿನದಕ್ಕೆ ಹಾರಿತು. ವಿಸ್ಕಿಗೆ ವಿದಾಯ.

ಅವಳು ಕಿವಿಗೊಟ್ಟು ಕೇಳಿದಳು. "ಇದೂ ಚೆನ್ನಾಗಿದೆ ರೀ. ಇದು ಮೊದಲನೆಯವಳಿಗಾ?"