ಉಲ್ಲೇಖಗಳ ಎಣಿಕೆ ನಂಬಿ ಡಿಸೈನ್ ಮಾಡಬೇಡಿ

ಎಂಜಿನಿಯರಿಂಗ್ ಪ್ರಾಜೆಕ್ಟ್‌ಗೆ ಮೂಲಗಳನ್ನು ಆರಿಸುವ ಬಗ್ಗೆ ಲೇಖನವೊಂದನ್ನು ಓದಿದೆ. ಗೂಗಲ್ ಸ್ಕಾಲರ್‌ನಲ್ಲಿ (ಸಂಶೋಧನಾ ಪ್ರಬಂಧಗಳನ್ನು ಹುಡುಕುವ ತಾಣ) ನೂರಕ್ಕೂ ಹೆಚ್ಚು ಉಲ್ಲೇಖಗಳಿರುವ, ಅಂದರೆ ಅಷ್ಟು ಬೇರೆ ಬರಹಗಳು ಹೆಸರಿಸಿರುವ, ಪ್ರಬಂಧವನ್ನು ವಿದ್ಯಾರ್ಥಿಗಳು ಧೈರ್ಯವಾಗಿ ಬಳಸಬಹುದು ಎಂಬ ಅದರ ಮಾತನ್ನು ಒಪ್ಪಲಾರೆ. ತಪ್ಪೆಂದು ತೋರಿಸಲು ಉಲ್ಲೇಖಿಸಿದ್ದೂ ಆ ಎಣಿಕೆಗೆ ಸೇರುತ್ತದೆ. ದೋಷ ಕಂಡು ಹಿಂಪಡೆದ ಪ್ರಬಂಧಗಳೂ ಆಮೇಲೆ ಉಲ್ಲೇಖವಾಗುತ್ತಲೇ ಇರುತ್ತವೆ. ಡಿಒಐ (ಪ್ರಬಂಧದ ಶಾಶ್ವತ ಗುರುತು ಸಂಖ್ಯೆ) ಮೂಲಕ ಪ್ರಕಾಶಕರ ಪುಟಕ್ಕೇ ಹೋಗಿ, ತಿದ್ದುಪಡಿಯ ಇಲ್ಲವೇ ಹಿಂಪಡೆದ ಸೂಚನೆ ಇದೆಯೇ ನೋಡಿ.

ಪ್ರಾಜೆಕ್ಟ್ ನಿಜಕ್ಕೂ ಕೆಡುವುದು ಅಂಕಿಗಳಲ್ಲಿ. 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಯೀಲ್ಡ್ ಸ್ಟ್ರೆಂತ್ (ಲೋಹ ಶಾಶ್ವತವಾಗಿ ಬಾಗತೊಡಗುವ ಒತ್ತಡ) ಟಿ6 ಸ್ಥಿತಿಯಲ್ಲಿ, ಅಂದರೆ ಶಾಖೋಪಚಾರದಿಂದ ಗಟ್ಟಿಯಾಗಿಸಿದಾಗ, ಸುಮಾರು 276 ಮೆಗಾಪಾಸ್ಕಲ್, ಅನೀಲ್ ಮಾಡಿದಾಗ (ಕಾಯಿಸಿ ಮೆದುವಾಗಿಸಿದಾಗ) ಸುಮಾರು 55. ಪ್ರಬಂಧದಲ್ಲಿ ಬರೀ ‘6061’ ಎಂದಷ್ಟೇ ಇದ್ದರೆ ಆ ಅಂಕಿಯನ್ನು ಬಿಟ್ಟುಬಿಡಿ. 276 ಕೂಡ ಸಾಮಾನ್ಯವಾಗಿ ಸಿಗುವ ಮೌಲ್ಯವೇ ಹೊರತು ಖಾತರಿಯ ಕನಿಷ್ಠವಲ್ಲ. ಲೆಕ್ಕಕ್ಕೆ ಬೇಕಾದದ್ದು ಮಾನದಂಡ ಕೊಡುವ ಕನಿಷ್ಠ ಮೌಲ್ಯ. (ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದಲ್ಲಿ ಅದೂ ಉಳಿಯದು, ಶಾಖ ಟಿ6ರ ಬಲವನ್ನು ಬಹಳಷ್ಟು ತಗ್ಗಿಸುತ್ತದೆ.)

ಎಲೆಕ್ಟ್ರಾನಿಕ್ಸ್‌ನಲ್ಲೂ ಇದೇ ಕಥೆ. ಮಾರಾಟಗಾರರ ಪುಟದ ಸಾರಾಂಶ ಬೇಡ, ತಯಾರಕರ ಡೇಟಾಶೀಟನ್ನೇ (ಬಿಡಿಭಾಗದ ಗುಣಗಳನ್ನು ಪಟ್ಟಿ ಮಾಡಿದ ದಾಖಲೆ) ತೆರೆಯಿರಿ, ಅದರ ಪರಿಷ್ಕರಣೆಯ ದಿನಾಂಕ ಬರೆದಿಟ್ಟುಕೊಳ್ಳಿ. ‘ಆಬ್ಸಲ್ಯೂಟ್ ಮ್ಯಾಕ್ಸಿಮಮ್ ರೇಟಿಂಗ್ಸ್’ ಪಟ್ಟಿಯಲ್ಲಿರುವುದು ದಾಟಿದರೆ ಬಿಡಿಭಾಗ ಹಾಳಾಗಬಹುದಾದ ಗಡಿ. ಸರ್ಕ್ಯೂಟನ್ನು ಅದಕ್ಕೆ ಹೊಂದಿಸಿ ಕಟ್ಟಬಾರದು. ಸಾಮಾನ್ಯ ಮೌಲ್ಯ ಕೊಡುವ ‘ಟಿಪಿಕಲ್’ ಕಾಲಂ ಕೂಡ ಸಾಲದು, ಕನಿಷ್ಠ ಮತ್ತು ಗರಿಷ್ಠ ಎರಡೂ ತುದಿಗಳಲ್ಲಿ ಡಿಸೈನ್ ನಿಲ್ಲುತ್ತದೆಯೇ ಪರೀಕ್ಷಿಸಿ.

ಪೇಟೆಂಟ್‌ಗಳನ್ನು ಲೇಖನ ಪೂರ್ತಿ ಮರೆತಿದೆ. ಯುರೋಪಿಯನ್ ಪೇಟೆಂಟ್ ಕಚೇರಿಯ ತಾಣವಾದ ಎಸ್ಪಾಸೆನೆಟ್‌ನಲ್ಲಿ ಉಚಿತವಾಗಿ ಹುಡುಕಬಹುದು, ಯಾಂತ್ರಿಕ ರಚನೆಗಳ ಚಿತ್ರಗಳು ಅಲ್ಲಿ ಹೇರಳ. ಆದರೆ ಪೇಟೆಂಟ್ ಸಿಕ್ಕಿದೆ ಎಂದರೆ ಹೊಸತನ ಒಪ್ಪಿತವಾಗಿದೆ ಎಂದರ್ಥ, ಸಾಧನ ಹೇಳಿದಷ್ಟು ದಕ್ಷವಾಗಿ ಓಡುತ್ತದೆ ಎಂದಲ್ಲ. ಕಾರ್ಯಕ್ಷಮತೆಯ ಅಂಕಿಗೆ ಪ್ರಯೋಗದ ವಿವರ ಕೊಟ್ಟ ಬೇರೆ ಮೂಲ ಬೇಕೇ ಬೇಕು.